ಅಪ್ಪನ ಅರ್ಧ ಗಡ್ಡ

ನಾನು ಚಿಕ್ಕವನಿದ್ದಾಗ ನನಗೆ ನಲವತ್ತಾರು ವರ್ಷ. ನಗಬೇಡಿ ಮಕ್ಕಳೇ, ಪೂರ್ತಿ ಕೇಳಿ. ನಮ್ಮ ಮನೆಯಲ್ಲಿ ಅಪ್ಪ ಪಡಸಾಲೆಯಲ್ಲಿ ಕೂತಿರುವವರೆಗೆ ಉಳಿದವರೆಲ್ಲ ಚಿಕ್ಕವರೇ. ಬ್ಯಾಡಗಿಯಲ್ಲಿ ನನ್ನದೇ ಗೋದಾಮಿತ್ತು, ಮೀಸೆ ಅರ್ಧ ಬೆಳ್ಳಗಾಗಿತ್ತು, ಜೇಬಿನಲ್ಲಿ ಸಾಬೂನಿನಷ್ಟು ದಪ್ಪದ ಮೊಬೈಲ್ ಇತ್ತು. ಆದರೂ ಅಪ್ಪ ನನ್ನನ್ನು ಕರೆಯುತ್ತಿದ್ದುದು 'ಲೇ ಹುಡುಗಾ' ಎಂದೇ. ಇನ್ನೊಂದು ಲೆಕ್ಕದಲ್ಲೂ ನಾನು ಚಿಕ್ಕವನು. ಕ್ಷೌರದ ಕತ್ತಿ ಕೂಡಿಸುವ, ಮಸೆಯುವ ವಿದ್ಯೆಗೆ ಬಿದ್ದು ಆಗಿನ್ನೂ ಒಂದು ವರ್ಷ. ಆ ವಿದ್ಯೆಯಲ್ಲಿ ಒಂದು ವರ್ಷದವನೆಂದರೆ ಅಂಬೆಗಾಲಿಡುವ ಕೂಸು. ಆ ಕೂಸು ಒಂದು ಭಾನುವಾರ ಎಂಥ ಸಿಟ್ಟು ಮಾಡಿಕೊಂಡಿತೆಂದು ನೆನೆದರೆ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತದೆ.

ನಿಮ್ಮಪ್ಪಂದಿರ ಪ್ಲಾಸ್ಟಿಕ್ ರೇಜರ್ ನೋಡಿ ಕ್ಷೌರದ ಕತ್ತಿಯನ್ನು ಊಹಿಸಲು ಹೋಗಬೇಡಿ. ಅದು ಗೇಣುದ್ದದ ಉಕ್ಕಿನ ಅಲಗು. ಬೆನ್ನು ದಪ್ಪ, ಅಂಚು ಕಣ್ಣಿಗೆ ಕಾಣದಷ್ಟು ತೆಳು. ಮಡಚಿದರೆ ಕೊಂಬಿನ ಹಿಡಿಯೊಳಗೆ ಮಲಗುತ್ತದೆ, ಬಿಚ್ಚಿದರೆ ಕೊಕ್ಕರೆ ಕತ್ತು ಚಾಚಿದಂತೆ ನಿಲ್ಲುತ್ತದೆ. ಬ್ಲೇಡು ಬದಲಿಸುವ ಮಾತೇ ಇಲ್ಲ. ಮೊಂಡಾದರೆ ಕಲ್ಲಿನ ಮೇಲೆ ಮಸೆಯಬೇಕು, ಆಮೇಲೆ ಚರ್ಮದ ಪಟ್ಟಿಗೆ ತಿಕ್ಕಬೇಕು. ಸರಿಯಾಗಿ ನೋಡಿಕೊಂಡರೆ ಅಜ್ಜ ಕೊಂಡದ್ದು ಮೊಮ್ಮಗನ ಗಡ್ಡಕ್ಕೂ ಬರುತ್ತದೆ.

ನಾನು ಹೇಳುವ ಹೊತ್ತಿಗೆ ಹಾವೇರಿ, ರಾಣೆಬೆನ್ನೂರು ಕಡೆಯ ಕ್ಷೌರದಂಗಡಿಗಳಲ್ಲೆಲ್ಲ ಅರ್ಧ ಬ್ಲೇಡು ಮುರಿದು ಸಿಕ್ಕಿಸುವ ಹಿಡಿಗಳು ಬಂದಿದ್ದವು. ಒಬ್ಬರಿಗೆ ಬಳಸಿದ್ದನ್ನು ಇನ್ನೊಬ್ಬರಿಗೆ ಬಳಸಿದರೆ ರೋಗ ಹರಡುತ್ತದೆ ಎಂದು ಬಸ್ ನಿಲ್ದಾಣದ ಗೋಡೆಯ ಮೇಲೆಲ್ಲ ಬರೆದಿದ್ದರು. ಸರಿಯಾದ ಮಾತೇ. ಆದರೆ ಹಳೆಯ ಕತ್ತಿಗಳ ಗತಿ ಏನು? ಕೆಲವು ಟ್ರಂಕಿನ ತಳ ಸೇರಿದವು, ಕೆಲವು ಗುಜರಿಯವನ ಚೀಲ ಸೇರಿದವು. ರಾಣೆಬೆನ್ನೂರಿನ ಸಂತೆಯಲ್ಲಿ ಮೊಳೆ, ಕೀಲಿ, ಮುರಿದ ಕೊಡಲಿಗಳ ರಾಶಿಯಲ್ಲಿ ನನ್ನ ಮೊದಲ ಕತ್ತಿ ಸಿಕ್ಕಿತು. ತುಕ್ಕು ತೊಡೆದರೆ ಕೆಳಗೆ ಹುಣಸೆಬೀಜದಂತೆ ಹೊಳೆಯುವ ಉಕ್ಕು. ನನಗೆ ಸಿಟ್ಟು ಬಂತು. ಇಂಥ ಮಾಲನ್ನು ಮೊಳೆಯ ತೂಕಕ್ಕೆ ಹಾಕುತ್ತಾರಲ್ಲ! ಸಿಟ್ಟು ಬಂದರೂ ಆ ತೂಕಕ್ಕೇ ಕೊಂಡೆ, ಅದು ಬೇರೆ ಮಾತು.

ಮುಂದೆ ನೀವು ಏನನ್ನೇ ಕೊಳ್ಳಲು ಹೋದರೂ ಇದನ್ನು ನೆನಪಿಡಿ: ಬೇಕಾದ ವಸ್ತುವನ್ನು ನೋಡಲೇಬೇಡಿ. ಪಕ್ಕದ್ದನ್ನು ಎತ್ತಿಕೊಂಡು ಅದರ ಬೆಲೆ ಕೇಳಿ, ಮುಖ ಸಿಂಡರಿಸಿ, ಹೊರಡುವಾಗ 'ಇದನ್ನಾದರೂ ಕೊಡು' ಎಂದು ಬೇಕಾದ್ದಕ್ಕೆ ಕೈ ಹಾಕಿ. ಕತ್ತಿಯಾದರೆ ಮಾತ್ರ ಆತುರ ಬೇಡ. ಬೆನ್ನಿನ ಮೇಲೆ ತುಕ್ಕಿದ್ದರೆ ಚಿಂತೆಯಿಲ್ಲ, ಅಂಚಿನಲ್ಲಿ ತುಕ್ಕಿನ ತೂತಿದ್ದರೆ ಕೆಳಗಿಟ್ಟುಬಿಡಿ. ಮಡಚಿ ನೋಡಿ. ಅಲಗು ಹಿಡಿಯ ನಟ್ಟನಡುವೆ ಇಳಿಯಬೇಕು, ಆ ಕಡೆ ಈ ಕಡೆ ತಾಗಬಾರದು. ಹಿಡಿಯನ್ನು ಉಗುರಿನಿಂದ ತಟ್ಟಿದರೆ ಟಕ್ ಎನ್ನಬೇಕು, ಬಿರುಕಿದ್ದರೆ ಸದ್ದು ಮಂಕಾಗಿರುತ್ತದೆ. ಹೀಗೆ ನೋಡಿ ನೋಡಿಯೇ ಒಂದು ವರ್ಷದಲ್ಲಿ ಹನ್ನೊಂದು ಕತ್ತಿ ಕೂಡಿಸಿದೆ. ಕುಪ್ಪೇಲೂರಿನ ಒಂದು ಮನೆಯಲ್ಲಂತೂ ದುಡ್ಡು ಬೇಡವೆಂದರು, ಹತ್ತು ಗೋಣಿಚೀಲ ಕೇಳಿದರು. ಎಂಟಕ್ಕೆ ಒಪ್ಪಿಸಿದೆ.

ಗೋಣಿಚೀಲವೇ ನನ್ನ ವ್ಯಾಪಾರ. ಅಪ್ಪ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ನಲವತ್ತು ವರ್ಷ ಹಮಾಲಿ ಮಾಡಿದ, ಚೀಲ ಹೊತ್ತ. ನಾನು ಹೊರುವುದನ್ನು ಬಿಟ್ಟು, ಕಾಯಿ ಸುರಿದ ಮೇಲೆ ಬಿದ್ದಿರುವ ಖಾಲಿ ಚೀಲಗಳನ್ನು ಆಯ್ದು, ಝಾಡಿಸಿ, ಹೊಲಿಸಿ ಮಾರತೊಡಗಿದೆ. ಅದರಿಂದಲೇ ಗೋದಾಮಾಯಿತು. ಅಕ್ಕ ನಮ್ಮ ಮನೆಯಲ್ಲೇ ಇದ್ದಳು, ಚೀಲ ಹೊಲಿಯುವ ಕೆಲಸವೆಲ್ಲ ಅವಳ ಕೈಯಲ್ಲಿ. ಮಾಘದ ಹೊತ್ತಿಗೆ ಮಾರುಕಟ್ಟೆಗೆ ಕಾಯಿ ಬಂದು ಬೀಳುತ್ತಿದ್ದಂತೆ ಊರೇ ಕೆಂಪಾಗುತ್ತಿತ್ತು. ಹೊರಗಿನಿಂದ ಬಂದವರು ಬಸ್ ಇಳಿಯುತ್ತಲೇ ಸೀನುತ್ತಿದ್ದರು. ನಾವು ಅವರನ್ನು ನೋಡಿ ನಗುತ್ತಿದ್ದೆವು. ನಮಗೆ ಸೀನು ಬರುತ್ತಿರಲಿಲ್ಲ.

ಇನ್ನು ಕಾಕಾ. ಅವರು ಹಾವೇರಿ ಹತ್ತಿರದ ಅಗಡಿಯವರು, ಅಪ್ಪನ ಬಾಲ್ಯದ ಗೆಳೆಯ. ಅಪ್ಪನ ಹುಟ್ಟೂರೂ ಅಗಡಿಯೇ. ಅಪ್ಪ ಬ್ಯಾಡಗಿಗೆ ಬಂದ ಮೇಲೆ ಕಾಕಾ ವಾರಕ್ಕೊಮ್ಮೆ ಬಗಲಲ್ಲಿ ಹಡಪ, ಅಂದರೆ ಕ್ಷೌರದ ಚೀಲ, ಇಟ್ಟುಕೊಂಡು ಬಸ್ಸಿಗೆ ಬರುತ್ತಿದ್ದರು. ಮಾರುಕಟ್ಟೆಯ ಗೋಡೆಯ ನೆರಳಿನಲ್ಲಿ ಹಮಾಲರನ್ನೆಲ್ಲ ಸಾಲಾಗಿ ಕೂರಿಸಿಕೊಂಡು ಗಡ್ಡ ತೆಗೆಯುತ್ತಿದ್ದರು. ಕೊನೆಯ ಪಾಳಿ ಯಾವಾಗಲೂ ಅಪ್ಪನದು. ಅದು ಮುಗಿಯಲು ಅರ್ಧ ತಾಸು ಹಿಡಿಯುತ್ತಿತ್ತು. ಗಡ್ಡ ಕಡಿಮೆ, ಮಾತು ಹೆಚ್ಚು. ಆಮೇಲೆ ಕಾಕಾನ ಕಣ್ಣು ಮಂಜಾದವು. ಆಪರೇಷನ್ ಆದ ಮೇಲೂ ಬೆಳಕು ಮತ್ತು ನೆರಳು ಬಿಟ್ಟರೆ ಹೆಚ್ಚೇನೂ ಕಾಣುತ್ತಿರಲಿಲ್ಲ. ಬರುವುದು ನಿಂತಿತು.

ಅಪ್ಪ ಒಮ್ಮೆ ಅರ್ಧ ಬ್ಲೇಡಿನ ಅಂಗಡಿಗೆ ಹೋಗಿ ನೋಡಿದ. ಮೂರು ನಿಮಿಷದಲ್ಲಿ ಮುಗಿಸಿ, ಕೆನ್ನೆಯ ಮೇಲಿನ ನರಹುಲಿಯನ್ನೂ ಕೊಯ್ದು ಕಳಿಸಿದರು. ಅವತ್ತಿನಿಂದ ಅಪ್ಪ ಯಾರಿಗೂ ಗಲ್ಲ ಕೊಡಲಿಲ್ಲ. ಗಡ್ಡ ಎದೆಗಿಳಿಯಿತು. ಈ ಮುಖ ಹೊತ್ತುಕೊಂಡು ಎಲ್ಲಿಗೂ ಹೋಗುವುದಿಲ್ಲ ಎಂದು ಮಾರುಕಟ್ಟೆಯ ಹಳೆಯ ಗೆಳೆಯರ ಹತ್ತಿರವೂ ಹೋಗುವುದನ್ನು ಬಿಟ್ಟ. ಇಡೀ ದಿನ ಪಡಸಾಲೆಯಲ್ಲಿ ಕೂತು ಸಿಟ್ಟು. ಚಹಾ ಬಿಸಿಯಾದರೆ ಸಿಟ್ಟು, ಆರಿದರೆ ಸಿಟ್ಟು.

ನಾನು ಕತ್ತಿ ಕೂಡಿಸುತ್ತಿದ್ದೇನೆಂದು ತಿಳಿದು ಕಾಕಾ ತಮ್ಮೂರಿನವರ ಕೈಲಿ ಹೇಳಿಕಳಿಸಿದರು. ನಾನು ಒಬ್ಬನೇ ಹೋದೆ. ಅವರ ಕತ್ತಿ, ಮಸೆಗಲ್ಲು, ಚರ್ಮದ ಪಟ್ಟಿ ಮೂರನ್ನೂ ನನ್ನ ಮುಂದಿಟ್ಟರು. ನಾನು ವಾಡಿಕೆಯಂತೆ ಪಕ್ಕದ ಹಳೆಯ ಬಟ್ಟಲನ್ನು ಎತ್ತಿಕೊಂಡು ಅದರ ಬೆಲೆ ಕೇಳಿದೆ. ಕಾಕಾ ನಕ್ಕರು.

"ತಮ್ಮಾ, ಸಂತಿ ಆಟ ನನ್ನ ಮುಂದ ಬ್ಯಾಡ. ರೊಕ್ಕಾ ಬ್ಯಾಡ ನನಗ. ಮಸಿಯೂದು ಕಲೀ. ಕಲ್ತು ಮೊದಲ ನಿಮ್ಮಪ್ಪನ ಗಡ್ಡಾ ತಗೀ. ಅದ ಇದರ ಕಿಮ್ಮತ್ತು."

ಅವತ್ತು ಮಧ್ಯಾಹ್ನವೆಲ್ಲ ಕಲಿಸಿದರು. ಕಲ್ಲಿನ ಮೇಲೆ ಬೆನ್ನು, ಅಂಚು ಎರಡೂ ಒಟ್ಟಿಗೆ ತಾಗಬೇಕು. ಅಂಚು ಮುಂದೆ ಮಾಡಿ ದೂಡಬೇಕು, ಹೊರಳಿಸುವಾಗ ಬೆನ್ನಿನ ಮೇಲೆ ಹೊರಳಿಸಬೇಕು. ಒತ್ತಬಾರದು. ಹೊಸಬರೆಲ್ಲ ಒತ್ತುತ್ತಾರೆ, ನಾನೂ ಒತ್ತಿದೆ. ಕಾಕಾ ನನ್ನ ಮಣಿಕಟ್ಟಿನ ಮೇಲೆ ಹೊಡೆದರು. ಚರ್ಮದ ಪಟ್ಟಿಯ ಮೇಲೆ ಮಾತ್ರ ಎಲ್ಲ ಉಲ್ಟಾ: ಬೆನ್ನು ಮುಂದೆ, ಅಂಚು ಹಿಂದೆ. ಅದಕ್ಕೂ ಮೊದಲು ಪಟ್ಟಿಯನ್ನು ಬರಿ ಅಂಗೈಯಿಂದ ಚೆನ್ನಾಗಿ ಉಜ್ಜಿ ಬೆಚ್ಚಗೆ ಮಾಡಬೇಕು, ಅಂಗೈಯ ಜಿಡ್ಡು ಚರ್ಮಕ್ಕೆ ಇಳಿಯಬೇಕು. ಹೊರಡುವಾಗ ಇನ್ನೊಂದು ಮಾತು ಹೇಳಿದರು. "ಅರ್ಧಾ ಮುಖಾ ಮಾಡಿ ಯಾರನ್ನೂ ಎಬ್ಬಿಸಬಾರದು. ಜಗಳಾಡಿದವ ಆಗಿದ್ರೂ ಪೂರಾ ಮಾಡಿ, ಆಮ್ಯಾಲ ಜಗಳಾ ಆಡಬೇಕು."

ನಾನು ಪಟ್ಟಿಯನ್ನು ಗೋದಾಮಿನ ಕಂಬದ ಮೊಳೆಗೆ ತೂಗುಹಾಕಿದೆ. ಬೆಳಿಗ್ಗೆ ಚೀಲ ಝಾಡಿಸುವ ಕೆಲಸ ಮುಗಿದ ಮೇಲೆ ಅಂಗೈಯಿಂದ ಉಜ್ಜುತ್ತಿದ್ದೆ, ಕತ್ತಿ ತಿಕ್ಕುತ್ತಿದ್ದೆ. ತಿಂಗಳುಗಟ್ಟಲೆ ಹಾಗೆ ಮಾಡಿದೆ. ಕಲ್ಲಿನ ಮೇಲೆ ಸರ್ ಸರ್ ಎನ್ನುತ್ತಿದ್ದ ಕತ್ತಿ ಬರಬರುತ್ತ ಸದ್ದೇ ಇಲ್ಲದೆ ನೀರಿನ ಮೇಲೆ ಹೋದಂತೆ ಹೋಗತೊಡಗಿತು. ಮುಂಗೈ ಮೇಲಿನ ರೋಮ ತಾಗಿಸುತ್ತಲೇ ಉದುರತೊಡಗಿತು. ನನ್ನ ಗಲ್ಲದ ಮೇಲೂ ನೋಡಿದೆ. ಸ್ವಲ್ಪ ಚುರುಚುರು ಎಂದಿತು. ಹೊಸಬನ ಕೈಗೆ ಅಷ್ಟಿದ್ದೇ ಇರುತ್ತದೆ ಎಂದುಕೊಂಡೆ. ಆ ಚುರುಚುರು ಏನೆಂದು ಆಗಲೇ ಕೇಳಿಕೊಂಡಿದ್ದರೆ ನಿಮಗೆ ಹೇಳಲು ನನ್ನ ಬಳಿ ಈ ಕಥೆ ಇರುತ್ತಿರಲಿಲ್ಲ.

ಆ ಭಾನುವಾರ ಮಾರುಕಟ್ಟೆಗೆ ರಜೆ. ವಾರವೆಲ್ಲ ದುಡಿದ ಕೈ, ಚೀಲಗಳ ರಾಶಿ ಗೋದಾಮಿನ ಸೂರು ಮುಟ್ಟಿತ್ತು. ಅಪ್ಪನನ್ನು ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂರಿಸಿದೆ. ಒಪ್ಪಿಸಲು ನನಗೆ ಎಂಟು ದಿನ ಬೇಕಾಗಿತ್ತು. ಕಾಕಾನ ಕತ್ತಿ ಎಂದು ಹೇಳಿದ ಮೇಲೇ ಒಪ್ಪಿದ್ದು. ಅಕ್ಕ ಮೊದಲು ಕತ್ತರಿಯಿಂದ ಉದ್ದದ ಗಡ್ಡ ಕತ್ತರಿಸಿದಳು, ಬಿಸಿನೀರಿನ ಬಟ್ಟೆ ಹಿಡಿದಳು, ಸಾಬೂನಿನ ನೊರೆ ಹಚ್ಚಿದಳು. ನಾನು ಪಟ್ಟಿಯನ್ನು ಉಜ್ಜಿ, ಕತ್ತಿ ತಿಕ್ಕಿ, ಎಡಗೈ ಹೆಬ್ಬೆರಳಿನಿಂದ ಅಪ್ಪನ ಗಲ್ಲ ಎಳೆದು ಹಿಡಿದೆ. ಕಿವಿಯ ಬುಡದಿಂದ ದವಡೆಯವರೆಗೆ ಒಂದೇ ಎಳೆತ. ನೊರೆಯ ಕೆಳಗಿಂದ ಅಪ್ಪನ ಹಳೆಯ ಮುಖ ಹೊರಗೆ ಬಂತು. ಎರಡನೆಯದು. ಮೂರನೆಯದು. ಒಂದು ಹನಿ ರಕ್ತವಿಲ್ಲ. ಬಲಗಡೆ ಪೂರ್ತಿಯಾದಾಗ ನನ್ನ ಎದೆ ಕೊಡದಂತೆ ತುಂಬಿತ್ತು. ಅಕ್ಕ ಬಟ್ಟೆ ಹಿಂಡಿ ಆ ಗಲ್ಲ ಒರೆಸಿದಳು, ಅಷ್ಟೇ.

ಅಪ್ಪ ಕೂತಲ್ಲಿಂದ ಎದ್ದುನಿಂತ.

"ಉರಿ! ಬೆಂಕಿ ಹಚ್ಚಿದ್ಯಲ್ಲೋ ಮಗನ!"

ಜೊತೆಗೇ ಒಂದು ಏಟು ನನ್ನ ಕಪಾಳಕ್ಕೆ. ನಲವತ್ತಾರು ವರ್ಷದವನಿಗೆ, ಓಣಿಯ ಮಂದಿಯ ಮುಂದೆ. ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದವರೆಲ್ಲ ಕೊಡ ಬಿಟ್ಟು ಬಂದರು. ಅಪ್ಪನ ಬಲಗಲ್ಲ ಕೆಂಪಗಾಗಿ ಹೊಳೆಯುತ್ತಿತ್ತು. ಎಡಗಲ್ಲದ ಮೇಲೆ ಬಿಳಿ ಗಡ್ಡ, ಅದರ ಮೇಲೆ ಬಿಳಿ ನೊರೆ. ಎಷ್ಟು ನೀರು ಹಾಕಿದರೂ ಉರಿ ಹೆಚ್ಚುತ್ತಲೇ ಹೋಯಿತು.

"ಒಂದು ಮಗ್ಗಲಾ ಮದುಮಗ, ಇನ್ನೊಂದು ಮಗ್ಗಲಾ ಸನ್ಯಾಸಿ," ಎಂದಳು ಅಕ್ಕ. ಓಣಿಯೆಲ್ಲ ಗೊಳ್ಳೆಂದಿತು. ಅಪ್ಪ ಅವಳಿಗೂ ಹೊಡೆಯಲು ಕೈ ಎತ್ತಿದ. ಅವಳು ಆಗಲೇ ಒಳಗೆ ಓಡಿದ್ದಳು.

ಆ ನಗು ನನ್ನ ತಲೆಗೇರಿತು. ಕತ್ತಿ ಹರಿತವಾಗಿತ್ತು, ಗಾಯವಾಗಿರಲಿಲ್ಲ, ಸಾಬೂನು ಅಕ್ಕ ದಿನಾ ಮುಖ ತೊಳೆಯುವುದೇ. ಹಾಗಾದರೆ ಉಳಿದದ್ದು ಏನು? ಆ ಚರ್ಮದ ಪಟ್ಟಿ. ಅದರ ಒಂದು ಮಗ್ಗುಲಿಗೆ ಕಾಕಾ ಯಾವಾಗಲೋ ಹಚ್ಚಿದ ಕಪ್ಪು ಲೇಪವಿತ್ತು. ಕೊಳೆತದ್ದೋ ಕೆಟ್ಟದ್ದೋ ಏನೋ ಇರಬೇಕು. ದುಡ್ಡು ಬೇಡ ಎಂದಾಗಲೇ ನಾನು ಎಚ್ಚರವಾಗಬೇಕಿತ್ತು ಎನಿಸಿತು. ಪುಕ್ಕಟೆ ಕೊಟ್ಟ ಮಾಲಿನಲ್ಲಿ ಏನೋ ಇದ್ದೇ ಇರುತ್ತದೆ ಎಂದು ಸಂತೆಯಲ್ಲಿ ಹತ್ತು ಜನಕ್ಕೆ ಬುದ್ಧಿ ಹೇಳುವವನು ನಾನು!

"ಇದು ಕಾಕಾನ ಕೆಲಸ," ಎಂದೆ. "ಕೆಟ್ಟ ಪಟ್ಟಿ ನನ್ನ ತಲಿಗಿ ಕಟ್ಯಾನ. ಈಗಿಂದೀಗ ಅಗಡಿಗೆ ಹೋಗ್ತೇನಿ, ಬಿಡೂದಿಲ್ಲ."

ಅಪ್ಪ ಒದರುವುದನ್ನು ಥಟ್ಟನೆ ನಿಲ್ಲಿಸಿದ. ನನ್ನ ಮುಖ ನೋಡಿದ. "ಅಗಡಿಗೇನು?" ಎಂದ. ಟವೆಲ್ ತೆಗೆದುಕೊಂಡು ಮುಖಕ್ಕೆ ಸುತ್ತಿಕೊಂಡ, ಚಪ್ಪಲಿ ಮೆಟ್ಟಿದ. "ನಡಿ, ನಾನೂ ಬರ್ತೇನಿ. ಕೇಳೂಣು ಅವನ್ನ."

"ಇನ್ನೊಂದು ಗಲ್ಲಾ ಮಾಡಿ ಹೋಗೂಣು ತಡಿ ಅಪ್ಪಾ."

"ಹಿಂಗ ಬರ್ತೇನಿ. ಅವಗ ಗೊತ್ತಾಗಲಿ."

ಬಸ್ಸು ಹತ್ತಿದೆವು. ಹೆದ್ದಾರಿ ಅಗಲ ಮಾಡುವ ಕೆಲಸ ನಡೆದಿತ್ತು, ಕಿಟಕಿಯಿಂದ ಕೆಂಧೂಳು ಒಳಗೆ ನುಗ್ಗುತ್ತಿತ್ತು. ಅಪ್ಪ ಟವೆಲ್ಲಿನ ಸಂದಿಯಿಂದ ಒಂದೇ ಕಣ್ಣಿನಲ್ಲಿ ಹೊರಗೆ ನೋಡುತ್ತಿದ್ದ. ನಾನು ಪಟ್ಟಿಯನ್ನು ಪೇಪರಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದೆ, ಕತ್ತಿ ಜೇಬಿನಲ್ಲಿತ್ತು. ಮುಂದಿನ ಸೀಟಿನವರು ಒಂದೇ ಸಮನೆ ಸೀನುತ್ತಿದ್ದರು. ಧೂಳಿಗೆ ಸೀನುತ್ತಾರೆ ಎಂದುಕೊಂಡೆ. ಹಾವೇರಿಯಲ್ಲಿ ಇಳಿದು ಅಗಡಿಗೆ ಟಂಟಂ ಹತ್ತಿದೆವು. ಅದರಲ್ಲಿ ಮೂರು ಗಾಲಿಯ ಮೇಲೆ ಹದಿನಾಲ್ಕು ಜನ, ಅವರಲ್ಲೂ ಇಬ್ಬರು ಸೀನಿದರು. ನನ್ನ ತಲೆ ತುಂಬ ಕಾಕಾನಿಗೆ ಹೇಳಬೇಕಾದ ಮಾತುಗಳೇ. ಒಂದೊಂದನ್ನೂ ಕಲ್ಲಿನ ಮೇಲೆ ಮಸೆದಂತೆ ಮಸೆಯುತ್ತಿದ್ದೆ. ಇಲ್ಲಿ ಮಾತ್ರ ಒತ್ತಿ ಒತ್ತಿ ಮಸೆಯುತ್ತಿದ್ದೆ.

ಕಾಕಾ ತಮ್ಮ ಮನೆಯ ಮುಂದೆ ಕೂತು ಬೆರಳಿನಲ್ಲೇ ನೋಡುತ್ತ ಹಗ್ಗ ಹೊಸೆಯುತ್ತಿದ್ದರು. ನಾನು ನಮಸ್ಕಾರವನ್ನೂ ಹೇಳಲಿಲ್ಲ. ಪಟ್ಟಿಯನ್ನು ಅವರ ಮಡಿಲಿಗೆ ಎಸೆದೆ.

"ತಗೋ ನಿನ್ನ ಮಾಲು! ಅಪ್ಪನ ಗಲ್ಲಾ ಸುಟ್ಟು ಹೋತು. ಕಣ್ಣು ಕಾಣ್ಸೂದಿಲ್ಲಂದ್ರ ಸುಮ್ಮನ ಕುಂಡ್ರಬೇಕಿತ್ತು. ಹಾಳಾದ್ದನ್ನ ನನಗ ಯಾಕ ಕೊಟ್ಟಿ?"

ಯಾವತ್ತೂ 'ರೀ' ಎಂದು ಮಾತಾಡಿಸಿದವನು ಅವತ್ತು 'ನೀನು' ಎಂದುಬಿಟ್ಟೆ. ಕಣ್ಣಿನ ಮಾತನ್ನೂ ಎತ್ತಿಬಿಟ್ಟೆ. ಅವರ ಕೈಯಲ್ಲಿದ್ದ ಹಗ್ಗ ನಿಂತಿತು. ಪೇಪರ್ ಬಿಚ್ಚಿ ಪಟ್ಟಿಯನ್ನು ಉದ್ದಕ್ಕೂ ಸವರಿದರು. ಮೂಗಿನ ಹತ್ತಿರ ಹಿಡಿದರು. ಮರುಗಳಿಗೆಯಲ್ಲಿ ಸೀನಿದರು. ಒಂದಲ್ಲ, ಎರಡಲ್ಲ, ಏಳು ಸಲ. ಒಳಗಿಂದ ಬಂದ ಸೊಸೆಯೂ ಸೆರಗು ಮುಚ್ಚಿಕೊಂಡು ಸೀನಿದಳು.

"ಇದನ್ನ ಎಲ್ಲಿ ತೂಗಹಾಕಿದ್ದಿ?" ಕಾಕಾನ ದನಿ ತಣ್ಣಗಿತ್ತು.

"ಗೋದಾಮಿನ್ಯಾಗ."

"ಚೀಲಾ ಝಾಡಿಸೂ ಗೋದಾಮು?"

ನಾನು ನನ್ನ ಅಂಗೈ ನೋಡಿಕೊಂಡೆ.

"ಅಂಗೈಲೆ ಉಜ್ಜಂತ ಹೇಳಿದ್ದೆ, ಖರೇ. ಕೈ ತೊಳಿಯಂತ ಹೇಳಿರಲಿಲ್ಲ. ಅದು ನಂದ ತಪ್ಪು ನೋಡು." ಕಾಕಾ ಕಣ್ಣೀರು ಒರೆಸಿಕೊಂಡರು. ಸೀನಿ ಬಂದ ಕಣ್ಣೀರು ಎಂದುಕೊಳ್ಳುವುದು ನನಗೆ ಸುಲಭವಾಗಿತ್ತು. "ಮೆಣಸಿನಕಾಯಿ ಧೂಳು, ದಿನಾ ಹಚ್ಚಿ ಹಚ್ಚಿ ಚರ್ಮಕ್ಕ ಕುಡಿಸೀದಿ. ಬ್ಯಾಡಗ್ಯಾಗ ಇದ್ದು ಇದ್ದು ನಿಮ್ಮ ಮೂಗು ಸತ್ತಾವು. ನನ್ನ ಕಣ್ಣು ಹೋಗ್ಯಾವು, ನಿನ್ನ ಮೂಗು ಹೋಗೇತಿ. ಆದ್ರ ನಾ ನಿನ್ನ ಮೂಗಿಗೆ ಬೈಲಿಲ್ಲ."

ಆ ಮಾತು ನನ್ನನ್ನು ಎಲ್ಲಿ ಕೊಯ್ಯಬೇಕೋ ಅಲ್ಲೇ ಕೊಯ್ಯಿತು. ನೋಯಿಸುವ ಮೊದಲೇ ಕೊಯ್ದು ಮುಗಿದಿತ್ತು, ಒಳ್ಳೆಯ ಕತ್ತಿ ಹಾಗೇ.

"ನನ್ನ ಕತ್ತಿ ಇಲ್ಲೆ ಇಡು," ಎಂದರು ಕಾಕಾ. ಈಗ ದನಿಯಲ್ಲಿ ಸಿಟ್ಟಿತ್ತು. "ನಲವತ್ತು ವರ್ಷಾ ಈ ಕೈ ಒಬ್ಬನ ಗಲ್ಲಾ ಸುಟ್ಟಿಲ್ಲ. ನಿನಗ ಕೊಟ್ಟದ್ದ ತಪ್ಪಾತು. ಇಟ್ಟು ನಡಿ ಇನ್ನ."

ನಾನು ಕತ್ತಿಯನ್ನು ಅವರ ಪಕ್ಕದಲ್ಲಿಟ್ಟೆ. ತಪ್ಪಾಯಿತು ಎನ್ನಬೇಕಿದ್ದವನು ಅದನ್ನು ಹೇಳದೆ ರಸ್ತೆಯ ಕಡೆ ತಿರುಗಿದೆ. ಅಪ್ಪನ ಗಡ್ಡದ ಆಸೆಯೂ ಅಲ್ಲಿಗೇ ಮುಗಿಯಿತು ಎಂದುಕೊಂಡೆ. ಕಾಕಾನ ಕತ್ತಿ ಬಿಟ್ಟು ಬೇರೆಯದಕ್ಕೆ ಅಪ್ಪ ಒಪ್ಪುವವನಲ್ಲ. ಅರ್ಧ ಗಡ್ಡ ಇಟ್ಟುಕೊಂಡು ಇನ್ನು ಪಡಸಾಲೆಯಿಂದಲೂ ಹೊರಗೆ ಬರುವುದಿಲ್ಲ.

ಆಗ ಅಷ್ಟು ಹೊತ್ತು ಹಿಂದೆ ನಿಂತಿದ್ದ ಅಪ್ಪ ಮುಂದೆ ಬಂದ. ಕಾಕಾನ ಎದುರಿಗೆ, ಮಾರುಕಟ್ಟೆಯ ಗೋಡೆಯ ನೆರಳಿನಲ್ಲಿ ಕೂರುತ್ತಿದ್ದಂತೆಯೇ ಕುಕ್ಕರುಗಾಲಿನಲ್ಲಿ ಕೂತ. ಟವೆಲ್ ತೆಗೆದ. ಕಾಕಾನ ಎರಡೂ ಕೈ ಹಿಡಿದು ತನ್ನ ಎರಡೂ ಗಲ್ಲದ ಮೇಲೆ ಇಟ್ಟುಕೊಂಡ.

ಕಾಕಾನ ಒಂದು ಅಂಗೈಯಲ್ಲಿ ನುಣ್ಣನೆಯ ಗಲ್ಲ, ಇನ್ನೊಂದರಲ್ಲಿ ಕೂಳೆ ಬಿಟ್ಟ ಹೊಲದಂಥ ಗಡ್ಡ. ಬೆರಳುಗಳು ಕಿವಿಯವರೆಗೆ ಹೋಗಿ ಬಂದವು.

"ಲೇ, ನೀ ಏನೋ!" ಎಂದರು ಕಾಕಾ. "ಮಾತಾಡಬಾರದಾ? ಎಷ್ಟೊತ್ತಾತು ಬಂದು?"

"ಇವ ಮಾತಾಡಾಕತ್ತಿದ್ನಲ್ಲ, ಮುಗೀಲಿ ಅಂತ ನಿಂತಿದ್ದೆ," ಎಂದ ಅಪ್ಪ. "ಸಿಟ್ಟು ಅವನ ಮ್ಯಾಲ. ನನ್ನ ಗಲ್ಲಾ ಏನ ಮಾಡೇತಿ? ಅರ್ಧಾ ಮುಖದಾಗ ಎಬ್ಬಿಸಿ ಕಳಸ್ತಿ ಏನ?"

ಕಾಕಾನ ಹೆಬ್ಬೆರಳು ನುಣ್ಣನೆಯ ಗಲ್ಲದ ಮೇಲೆ ಮೆಲ್ಲಗೆ ನಡೆಯತೊಡಗಿತು. ಕಿವಿಯ ಬುಡ, ಗಲ್ಲದ ಗುಳಿ, ದವಡೆಯ ಕೆಳಗೆ. ಉರಿಯುವಲ್ಲಿ ಮುಟ್ಟಿದಾಗ ಅಪ್ಪ ಹಲ್ಲು ಕಚ್ಚಿದ. "ದವಡಿ ಕೆಳಗ ಎರಡು ಕೂದಲಾ ಬಿಟ್ಟಾನ," ಎಂದರು ಕೊನೆಗೆ. ಆಮೇಲೆ, ಮನಸ್ಸಿಲ್ಲದ ಮನಸ್ಸಿನಿಂದ, "ಉಳದದ್ದು ಚಲೋ ಐತಿ."

ಸೊಸೆಗೆ ಬೆಣ್ಣೆ ತರಲು ಹೇಳಿದರು. ಮೆಣಸಿನಕಾಯಿಯ ಉರಿಗೆ ನೀರು ಹಾಕಬಾರದು, ನೆನಪಿಡಿ. ಬೆಣ್ಣೆಯೋ ಎಣ್ಣೆಯೋ ಹಚ್ಚಿ ಒರೆಸಬೇಕು. ನೀರು ಅದನ್ನು ಹರಡುತ್ತದೆ, ಅಷ್ಟೇ. ಕತ್ತಿಯನ್ನೂ ಎಣ್ಣೆಯಲ್ಲಿ ಒರೆಸಿ, ಸಾಬೂನಿನಲ್ಲಿ ತೊಳೆದು, ಮತ್ತೆ ಒರೆಸಿದರು. ಪಟ್ಟಿ ಇನ್ನು ಕೆಲಸಕ್ಕೆ ಬಾರದು. ಅದನ್ನು ದೂರ ಎಸೆದು, ಕತ್ತಿಯನ್ನು ತಮ್ಮ ಅಂಗೈಗೇ ತಿಕ್ಕತೊಡಗಿದರು. ಹೋಗುವಾಗೊಮ್ಮೆ, ಬರುವಾಗೊಮ್ಮೆ. ಅಂಥ ಅಂಚಿನ ಕತ್ತಿ ಆ ಅಂಗೈ ಮೇಲೆ ಬೆಕ್ಕಿನ ಮರಿಯಂತೆ ಹೊರಳುತ್ತಿತ್ತು. ನೀವು ಇದನ್ನು ಮಾಡಿ ನೋಡಲು ಹೋಗಬೇಡಿ. ನಾನೇ ಇವತ್ತಿಗೂ ಮಾಡಿಲ್ಲ.

ಆಮೇಲೆ ನನ್ನ ಕಡೆ ಮುಖ ತಿರುಗಿಸಿದರು. "ಕೈ ತೊಳಕೊಂಡು ಬಾ. ಮೂರು ಸಲ."

ಮೂರು ಸಲ ತೊಳೆದೆ. ತೊಳೆದು ಬಂದು ಅವರ ಕಾಲು ಮುಟ್ಟಿದೆ. ಬಾಯಿಂದ ಹೊರಡದ ಮಾತು ಹಾಗಾದರೂ ಹೊರಡಲಿ ಎಂದು. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. ಕತ್ತಿ ನನ್ನ ಕೈಗೆ ಕೊಟ್ಟರು. ನನ್ನ ಮಣಿಕಟ್ಟಿನ ಮೇಲೆ ತಮ್ಮ ಬೆರಳಿಟ್ಟರು, ಇನ್ನೊಂದು ಕೈಯನ್ನು ಅಪ್ಪನ ಗಲ್ಲದ ಮೇಲಿಟ್ಟರು. ಕೂದಲು ಎತ್ತ ಒರಗಿದೆ ಎಂದು ಆ ಬೆರಳಿಗೆ ಕಾಣುತ್ತಿತ್ತು, ಆ ಕಡೆಗೆ ಈ ಬೆರಳು ನನ್ನನ್ನು ನಡೆಸುತ್ತಿತ್ತು. ಒತ್ತಿದೆನೆಂದರೆ ಮಣಿಕಟ್ಟು ಚಿವುಟುತ್ತಿದ್ದರು. ನನ್ನ ಮೇಲಿನ ಸಿಟ್ಟನ್ನೆಲ್ಲ ಚಿವುಟಿಯೇ ತೀರಿಸಿದರು. ಮರುದಿನ ನನ್ನ ಮಣಿಕಟ್ಟಿನ ಸುತ್ತ ನೀಲಿ ಬಳೆ ತೊಟ್ಟಂತಿತ್ತು.

ಇಬ್ಬರು ಮುದುಕರೂ ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಮಾತಿಗಿಳಿದಿದ್ದರು. ಯಾರು ಸತ್ತರು, ಯಾರ ಎತ್ತು ಕಳೆಯಿತು, ಕೆರೆಯ ಮೇಲಿನ ಹುಣಸೆಮರ ಕಡಿದರಂತೆ ಹೌದೇ. ಅರ್ಧ ಗಲ್ಲಕ್ಕೆ ಒಂದು ತಾಸು ಹಿಡಿಯಿತು.

ಮುಗಿದ ಮೇಲೆ ಸೊಸೆ ಚಹಾ ಕೊಟ್ಟಳು. ಅಪ್ಪ ತನ್ನ ಎರಡೂ ಗಲ್ಲ ಸವರಿಕೊಳ್ಳುತ್ತ ಕೂತಿದ್ದ. ಚಹಾ ಆರಿತ್ತು, ಸಿಟ್ಟು ಮಾಡಲಿಲ್ಲ. ನನಗೆ ಆಗ ಹೊಳೆಯಿತು. ನಲವತ್ತು ವರ್ಷ ಮೆಣಸಿನಕಾಯಿ ಚೀಲ ಹೊತ್ತವನು. ಬೆವರಿನ ಬೆನ್ನು, ಉಜ್ಜಿ ಹೋದ ಹೆಗಲು. ಆ ಉರಿ ಏನೆಂದು ಜಗತ್ತಿನಲ್ಲಿ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಅಪ್ಪಾ, ಉರಿ ಹತ್ತಿದ ಕೂಡಲೆ ನಿನಗ ಗೊತ್ತಾಗಲಿಲ್ಲೇನು, ಅದು ಮೆಣಸಿನಕಾಯಿ ಅಂತ?"

"ಗೊತ್ತಾತು."

"ಮತ್ತ ಯಾಕ ಹೇಳಲಿಲ್ಲ? ನಾ ಇಲ್ಲಿ ಬಂದು ಕಾಕಾಗ ಎಂಥಾ ಮಾತಂದೆ!"

"ಹೇಳಿದ್ರ ನೀ ಅಗಡಿಗೆ ಕರಕೊಂಡು ಬರ್ತಿದ್ದಿ ಏನ?" ಎಂದ ಅಪ್ಪ. "ನಾಕು ವರ್ಷದಿಂದ ಹೇಳಾಕತ್ತೇನಿ, ಅಗಡಿಗೆ ಹೋಗೂಣು ನಡಿ ಅಂತ. ಸಂತಿ ಮುಗೀಲಿ, ಸುಗ್ಗಿ ಮುಗೀಲಿ, ಹೋಗೂಣು ತಗೋ ಅಂದಿ. ಸಿಟ್ಟು ಬಂತು ನೋಡು, ಒಂದ ನಿಮಿಷದಾಗ ಬಸ್ಸು ಹತ್ತಿದಿ."

ಕಾಕಾ ನಕ್ಕರು. ಅಪ್ಪ ನಗಲಿಲ್ಲ.

ನನ್ನ ಸಿಟ್ಟು ಅವತ್ತು ದಾರಿ ಬದಲಿಸಿ ನನ್ನ ಕಡೆಗೇ ತಿರುಗಿತು. ಅದು ಇನ್ನೂ ಹೋಗಿಲ್ಲ. ಒಂದೂವರೆ ತಾಸಿನ ದಾರಿ. ಹನ್ನೊಂದು ಕತ್ತಿಗಾಗಿ ಎಷ್ಟು ಊರು ತಿರುಗಿದ್ದೆ! ಕಾಕಾ ಹೇಳಿಕಳಿಸಿದಾಗಲೂ ಅಪ್ಪನನ್ನು ಮನೆಯಲ್ಲಿ ಬಿಟ್ಟು ಒಬ್ಬನೇ ಬಂದಿದ್ದೆ, ಮಾಲು ಎತ್ತಿಕೊಂಡು ಹೋಗಲು. ಅಪ್ಪನ ಗಡ್ಡವೇ ಕತ್ತಿಯ ಬೆಲೆ ಎಂದು ಕಾಕಾ ಯಾಕೆ ಹೇಳಿದರೆಂದು ಆಗಲೂ ತಿಳಿಯಲಿಲ್ಲ. ಎಂಥ ಚೌಕಾಸಿಗಾರ ನಾನು.

ಹೊರಡುವಾಗ ಕಾಕಾ ಕತ್ತಿಯನ್ನು ಕೊಡಲಿಲ್ಲ. "ಇದು ಇಲ್ಲೇ ಇರಲಿ," ಎಂದರು. "ಪ್ರತೀ ಐತವಾರ ಬರ್ರಿ. ಗಡ್ಡಾ ಇವ ಇಲ್ಲೇ ತಗೀಲಿ." ಅಪ್ಪ ಇರುವವರೆಗೂ ಭಾನುವಾರಕ್ಕೊಮ್ಮೆ ಹೋದೆವು. ನಾನು ಮೂರು ಸಲ ಕೈ ತೊಳೆಯುತ್ತಿದ್ದೆ, ಕಾಕಾ ಮಣಿಕಟ್ಟು ಚಿವುಟುತ್ತಿದ್ದರು, ಅವರಿಬ್ಬರೂ ಮಾತಾಡುತ್ತಿದ್ದರು. ಕತ್ತಿ ನನ್ನ ಕೈಗೆ ಬಂದದ್ದು ಆ ಇಬ್ಬರೂ ಹೋದ ಮೇಲೆ. ನೀವು ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ದಿನ ನನ್ನ ಪೆಟ್ಟಿಗೆಯಲ್ಲಿ ಕುಂಕುಮ ಹಚ್ಚಿಸಿಕೊಂಡು ಮಲಗಿರುವುದನ್ನು ನೋಡುತ್ತೀರಲ್ಲ, ಕೊಂಬಿನ ಹಿಡಿಯದು, ಅದೇ.

ನಿಮ್ಮ ಕಾಲ ಬೇರೆ. ನಿಮ್ಮಪ್ಪಂದಿರ ರೇಜರ್ ಮೊಂಡಾದರೆ ಕಸದ ಬುಟ್ಟಿಗೆ ಹೋಗುತ್ತದೆ, ಹೊಸದು ಬಾಗಿಲಿಗೆ ಬರುತ್ತದೆ. ಮೊನ್ನೆ ಬಂದ ಆಟದ ಕಾರು ಓಡಲಿಲ್ಲವೆಂದು ನೀವು ಸೋಫಾದಿಂದ ಏಳದೆಯೇ ಫೋನಿನಲ್ಲಿ ಒಂದು ನಕ್ಷತ್ರ ಒತ್ತಿ ಯಾರನ್ನೋ ಬೈದಿರಿ. ಬ್ಯಾಟರಿ ಉಲ್ಟಾ ಹಾಕಿದ್ದು ನೀವೇ ಎಂದು ಆಮೇಲೆ ತಿಳಿಯಿತು. ಬೈಸಿಕೊಂಡವನ ಮುಖ ನೀವು ನೋಡಲೇ ಇಲ್ಲ. ನಾನು ಬೈಯಲಿಕ್ಕಾದರೂ ಎರಡು ಗಾಡಿ ಬದಲಿಸಿ ಮುಖಾಮುಖಿ ಹೋಗಬೇಕಿತ್ತು, ಹೋದದ್ದರಿಂದಲೇ ನನ್ನ ಕೈಗೆ ಏನು ಮೆತ್ತಿದೆ ಎಂದು ತಿಳಿಯಿತು. ಆದ್ದರಿಂದ ಬೈಯುವ ಮೊದಲು ನಿಮ್ಮ ಕೈ ಮೂಸಿ ನೋಡಿಕೊಳ್ಳಿ. ನಿಮಗೆ ವಾಸನೆ ಬರದಿದ್ದರೆ ಹೊರಗಿನವರಿಗೆ ಮೂಸಲು ಕೊಡಿ.

ಇನ್ನೊಂದು ಮಾತು. ರಾಣೆಬೆನ್ನೂರಿನ ಸಂತೆಗೆ ಹೋಗಬೇಕು ಎಂದು ನಾನು ದೀಪಾವಳಿಯಿಂದ ಹೇಳುತ್ತಿದ್ದೇನೆ. ಪರೀಕ್ಷೆ ಮುಗಿಯಲಿ, ಮ್ಯಾಚ್ ಮುಗಿಯಲಿ, ಹೋಗೋಣ ಅಜ್ಜಾ ಎನ್ನುತ್ತೀರಿ. ಅಡುಗೆಮನೆಯಲ್ಲಿ ಖಾರದ ಪುಡಿಯ ಡಬ್ಬಿ ಎಲ್ಲಿದೆ ಎಂದು ನನಗೂ ಗೊತ್ತು.